ಟ್ರೊಂಬೋನ್ ಕೇಳೋಕೆ ಬಂದ ಪುಳಿಯೋಗರೆ ಗೊಜ್ಜು | ಡೆಂಟನ್ ವ್ಲಾಗ್

ಹಾಂ, ಇದು ನಮ್ಮ ಕಾರಿನ ಡಿಕ್ಕಿ. ಸಂಗೀತ ಕಛೇರಿ ವ್ಲಾಗ್ ಅಂತ ಹೇಳಿ ಡಿಕ್ಕಿ ಯಾಕೆ ತೋರಿಸ್ತಿದಾಳೆ ಅಂದ್ಕೋಬೇಡಿ, ಎಲ್ಲಾ ಶುರುವಾಗಿದ್ದು ಇಲ್ಲೇ. ಎಡಗಡೆ ಅಪ್ಪನ ಸ್ವೆಟರ್, ಅದರ ಮೇಲೆ ಮಂಕಿ ಕ್ಯಾಪ್, ಅದರ ಕೆಳಗೆ ಇನ್ನೊಂದು ಸ್ವೆಟರ್. ಹೊರಗೆ ನಾನು ಚೂಡಿದಾರ್ ಮೇಲೆ ಒಂದು ಶಾಲ್ ಹೊದ್ಕೊಂಡು ಆರಾಮಾಗಿದೀನಿ. ಆದ್ರೆ ಅಪ್ಪನ ಪ್ರಕಾರ ಅಮೆರಿಕ ಅಂದ್ಮೇಲೆ ಚಳಿ ಇರಲೇಬೇಕು. ಬಲಗಡೆ ನೀಲಿ ಬಟ್ಟೆ ಚೀಲ ಕಾಣ್ತಿದೆಯಲ್ಲ, ಅದರಲ್ಲಿ ಪುಳಿಯೋಗರೆ ಗೊಜ್ಜು. ಅಮ್ಮ ಮೈಸೂರಿಂದ ಕಟ್ಟಿ ಕಳಿಸಿದ ಪುಡಿ, ಕುದಿಸಿದ್ದು ನಾನು. ಕಡ್ಲೆಕಾಯಿ ಎಣ್ಣೆ ಧಾರಾಳವಾಗಿ ಸುರಿದಿದ್ದೆ, ಎಣ್ಣೆ ಮೇಲೆ ತೇಲ್ತಿದ್ರೆ ತಿಂಗಳಾದ್ರೂ ಕೆಡಲ್ಲ. ಆ ಎಣ್ಣೆ ವಿಷಯ ನೆನಪಿಟ್ಕೊಳ್ಳಿ.

ಗೊಜ್ಜು ಯಾರಿಗೆ ಅಂದ್ರೆ, ನಮ್ಮ ಕಸಿನ್ ಮಗನಿಗೆ. ಟೆಕ್ಸಸ್‌ನ ಡೆಂಟನ್‌ನಲ್ಲಿ ಎಂ.ಎಸ್. ಓದ್ತಿದಾನೆ. ಅವನೇ ಫೋನ್ ಮಾಡಿ, "ಅತ್ತೆ, ನಮ್ಮ ಯೂನಿವರ್ಸಿಟಿ ಜಾಝ್ ಬ್ಯಾಂಡ್ ಕನ್ಸರ್ಟ್ ಇದೆ, ಯಾರೋ ದೊಡ್ಡ ಟ್ರೊಂಬೋನ್ ಪ್ಲೇಯರ್ ಗೆಸ್ಟ್ ಬರ್ತಿದಾರಂತೆ, ತಾತನ್ನೂ ಕರ್ಕೊಂಡು ಬನ್ನಿ" ಅಂದ. ಮಾರನೇ ದಿನ ಇನ್ನೊಂದು ಮೆಸೇಜ್, "ಬರುವಾಗ ಗೊಜ್ಜು". ಯಾವುದಕ್ಕೆ ಯಾವುದು ನೆಪ ಅಂತ ಈಗಲೂ ಗೊತ್ತಿಲ್ಲ.

ಇದು 35ಇ ಹೈವೇ, ಅರ್ವಿಂಗ್‌ನಿಂದ ಉತ್ತರಕ್ಕೆ. ಟ್ರಾಫಿಕ್ ನೋಡಿ. ಫಾಸ್ಟ್ ಫಾರ್ವರ್ಡ್ ಮಾಡಿದೀನಿ, ಆದ್ರೂ ಕಾರು ಅಲ್ಲೇ ನಿಂತಿದೆ.

ಅಷ್ಟರಲ್ಲಿ ಹೇಳ್ಬಿಡ್ತೀನಿ, ನಾವು ಹೋಗ್ತಿರೋದು ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್‌ಗೆ. ಜಾಝ್‌ನಲ್ಲಿ ಡಿಗ್ರಿ ಕೊಡೋಕೆ ಶುರು ಮಾಡಿದ ಮೊದಲ ಯೂನಿವರ್ಸಿಟಿ ಇದು, 1947ರಲ್ಲಿ. ಆಗ ಜಾಝ್ ಅಂದ್ರೆ ಮರ್ಯಾದಸ್ಥರು ಮೂಗು ಮುರಿಯೋ ಕಾಲ, ಅದಕ್ಕೆ ಡಿಗ್ರಿ ಹೆಸರನ್ನ ಮೆಲ್ಲಗೆ "ಡ್ಯಾನ್ಸ್ ಬ್ಯಾಂಡ್" ಅಂತ ಇಟ್ಟಿದ್ರು. ನೋರಾ ಜೋನ್ಸ್ ಗೊತ್ತಲ್ಲ, ಪಂಡಿತ್ ರವಿಶಂಕರ್ ಮಗಳು, ಅವರು ಜಾಝ್ ಪಿಯಾನೋ ಓದಿದ್ದು ಇಲ್ಲೇ. ಕೋರ್ಸ್ ಅರ್ಧಕ್ಕೇ ಬಿಟ್ಟು ನ್ಯೂಯಾರ್ಕ್‌ಗೆ ಹೋದ್ರು, 2003ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ತಗೊಂಡ್ರು. ಇದನ್ನ ಅಪ್ಪನಿಗೆ ಎಷ್ಟು ಉತ್ಸಾಹದಿಂದ ಹೇಳಿದೆ ಅಂದ್ರೆ, ಅವರು ಕೇಳಿದ್ದು ಒಂದೇ ಪ್ರಶ್ನೆ: "ಡಿಗ್ರಿ ಮುಗಿಸಲೇ ಇಲ್ವಾ?"

ಬಂದ್ವಿ. ಮರ್ಚಿಸನ್ ಪರ್ಫಾರ್ಮಿಂಗ್ ಆರ್ಟ್ಸ್ ಸೆಂಟರ್. ಇದರೊಳಗೆ ವಿನ್‌ಸ್ಪಿಯರ್ ಹಾಲ್. ಹೊರಗಡೆ ಲೈಟಲ್ಲಿ ಚೆನ್ನಾಗಿ ಕಾಣತ್ತೆ, ಈ ಶಾಟ್ ನಂಗೆ ಇಷ್ಟ ಆಯ್ತು, ಐದು ಸೆಕೆಂಡ್ ಸುಮ್ಮನಿರ್ತೀನಿ.

ಸರಿ ಸಾಕು. ಹುಡುಗ ಗೇಟಲ್ಲಿ ಸಿಗ್ತೀನಿ ಅಂದಿದ್ದ, ಸಿಗಲಿಲ್ಲ. ಫೋನ್ ತೆಗೀಲಿಲ್ಲ. "ಲ್ಯಾಬ್‌ನಲ್ಲಿದೀನಿ, ಹತ್ತು ನಿಮಿಷ" ಅಂತ ಮೆಸೇಜ್. ಈ ವಯಸ್ಸಿನವರ ಹತ್ತು ನಿಮಿಷ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಚೀಲ ವಾಪಸ್ ಕಾರಲ್ಲಿ ಇಡೋಣ ಅಂದೆ. ಅಪ್ಪ "ಅಷ್ಟು ದೂರ ಯಾರು ನಡೀತಾರೆ, ಇಟ್ಕೋ ಪುಟ್ಟಿ, ಸೀಟ್ ಕೆಳಗೆ ಇಟ್ರೆ ಆಯ್ತು" ಅಂದ್ರು. ಇದು ರೆಕಾರ್ಡ್ ಆಗಿದೆ, ಬೇಕಿದ್ರೆ ಹಿಂದಕ್ಕೆ ಹೋಗಿ ಕೇಳಿಸ್ಕೊಳ್ಳಿ. ಮುಂದೆ ಆಗಿದ್ದಕ್ಕೆಲ್ಲ ನಾನೊಬ್ಬಳೇ ಜವಾಬ್ದಾರಿ ಅಲ್ಲ.

ಒಳಗಡೆ. ಸ್ಟೇಜ್ ಹಿಂದೆ ದೊಡ್ಡ ಪೈಪ್ ಆರ್ಗನ್. ಇವತ್ತು ಅದಕ್ಕೆ ಕೆಲಸ ಇಲ್ಲ, ಸುಮ್ಮನೆ ಬೀಗರ ಥರ ಕೂತಿದೆ. ಮುಂದಿನ ಸಾಲು ಐದು ಸ್ಯಾಕ್ಸೊಫೋನ್, ಮಧ್ಯದ ಸಾಲು ಐದು ಟ್ರೊಂಬೋನ್, ಅದರ ಹಿಂದೆ ಎತ್ತರದಲ್ಲಿ ಐದು ಟ್ರಂಪೆಟ್. ಈ ಪಕ್ಕ ಪಿಯಾನೋ, ಗಿಟಾರ್, ನಿಂತು ನುಡಿಸೋ ದೊಡ್ಡ ಬೇಸ್, ಡ್ರಮ್ಸ್. ಇದು ಅವರ ಒನ್ ಓ'ಕ್ಲಾಕ್ ಲ್ಯಾಬ್ ಬ್ಯಾಂಡ್. ಹೆಸರು ಯಾಕಪ್ಪಾ ಹಿಂಗೆ ಅಂದ್ರೆ, ಮಧ್ಯಾಹ್ನ ಒಂದು ಗಂಟೆಗೆ ರಿಹರ್ಸಲ್ ಮಾಡೋ ಬ್ಯಾಂಡ್. ಎರಡು ಗಂಟೆಗೆ ಮಾಡೋದು ಟೂ ಓ'ಕ್ಲಾಕ್, ಹಾಗೇ ಮುಂದಕ್ಕೆ. ಎಲ್ಲಕ್ಕಿಂತ ಮೇಲಿನದು ಒಂದು ಗಂಟೆಯದು. ಇವರ 1975ರ ಆಲ್ಬಮ್ ಗ್ರ್ಯಾಮಿಗೆ ನಾಮಿನೇಟ್ ಆಗಿತ್ತು, ಸ್ಟೂಡೆಂಟ್‌ಗಳ ಬ್ಯಾಂಡು ಸ್ವಾಮಿ! ಅಪ್ಪನಿಗೆ ಅದೆಲ್ಲ ತಲೆಗೇ ಹೋಗಲಿಲ್ಲ. "ಒಂದು ಗಂಟೆಗಾ? ಊಟ ಆದ ತಕ್ಷಣವಾ? ಊದೋಕೆ ಹೇಗೆ ಆಗತ್ತೆ?" ಅಂತ ಇಂಟರ್ವಲ್ ತನಕ ಅದೇ ಚಿಂತೆ.

ಈ ಹುಡುಗಿಯನ್ನ ನೋಡಿ, ಎರಡನೇ ಟ್ರೊಂಬೋನ್. ಕೈಯಲ್ಲಿ ಸಣ್ಣ ಸ್ಪ್ರೇ ಬಾಟಲ್. ಟ್ರೊಂಬೋನ್‌ನ ಉದ್ದ ಕೊಳವೆ, ಅಂದ್ರೆ ಸ್ಲೈಡ್, ಅದನ್ನ ಪೂರ್ತಿ ಮುಂದಕ್ಕೆ ಚಾಚಿ ಅದರ ಮೇಲೆ ಚಿಸ್ ಚಿಸ್ ಅಂತ ನೀರು ಹೊಡೀತಿದಾಳೆ, ನಮ್ಮ ಬೀದಿ ಇಸ್ತ್ರಿಯವರು ಪಂಚೆ ಮೇಲೆ ನೀರು ಚಿಮುಕಿಸ್ತಾರಲ್ಲ, ಅದೇ ಥರ. ಸ್ಲೈಡ್ ಸಲೀಸಾಗಿ ಜಾರಲಿ ಅಂತ. ಆಮೇಲೆ ಕೊಳವೆ ತುದೀಲಿ ಒಂದು ಪುಟ್ಟ ಕೀಲಿ ಒತ್ತಿ ಉಫ್ ಅಂತ ಊದಿದ್ಲು, ನೆಲಕ್ಕೆ ನಾಲ್ಕು ಹನಿ ನೀರು ಬಿತ್ತು. ಅಪ್ಪ ಮುಖ ಸಿಂಡರಿಸಿದ್ರು. ಎಂಜಲು ಅಂತ. ಅದು ಬಹುಪಾಲು ಉಸಿರಿನ ಹಬೆ ತಣ್ಣಗಾಗಿ ನೀರಾದದ್ದು ಅಪ್ಪ ಅಂದೆ. "ಬಾಯಿಂದಲೇ ತಾನೇ ಬಂದಿದ್ದು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆ ಕೀಲಿ ಕೆಳಗೆ ಒಂದು ಚೂರು ಕಾರ್ಕ್ ಇರತ್ತೆ, ಗಾಳಿ ಸೋರದ ಹಾಗೆ. ಸೋರೋ ವಿಷಯಕ್ಕೆ ಆಮೇಲೆ ಬರ್ತೀನಿ.

ನಂಗೆ ಮೊದಲಿಂದ ಟ್ರೊಂಬೋನ್ ಅಂದ್ರೆ ನಗು ಬರೋ ವಾದ್ಯ, ಅದನ್ನ ಮುಚ್ಚಿಡಲ್ಲ. ಕಾರ್ಟೂನ್‌ನಲ್ಲಿ ಯಾರಾದ್ರೂ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬಿದ್ರೆ "ವಾಂವ್ ವಾಂವ್ ವಾಂವ್" ಅನ್ನತ್ತಲ್ಲ, ಅಷ್ಟೇ ಅದರ ಕೆಲಸ ಅಂದ್ಕೊಂಡಿದ್ದೆ. ಅಪ್ಪನಿಗೆ ಮಾತ್ರ ಈ ವಾದ್ಯ ಹಳೇ ಪರಿಚಯ. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್‌ನಲ್ಲಿ ನೋಡಿದಾರೆ. "ಉದ್ದ ಎಳೆಯೋ ಪೀಪಿ ಕಣೇ ಅದು, ಮುಂದಿನ ಸಾಲಲ್ಲಿ ನಿಲ್ಲೋರು" ಅಂದ್ರು. ಮುಂದೆ ಯಾರಿಗೂ ತಾಗಬಾರದಲ್ಲ, ಅದಕ್ಕೇ ಇರಬೇಕು. ನ್ಯೂ ಆರ್ಲಿಯನ್ಸ್‌ನಲ್ಲೂ ಇದೇ ಕಥೆ. ಹಿಂದೆ ಬ್ಯಾಂಡ್‌ನವರು ಗಾಡಿ ಮೇಲೆ ಕೂತು ಬೀದಿ ಸುತ್ತುವಾಗ ಟ್ರೊಂಬೋನ್‌ನವನನ್ನ ಗಾಡಿಯ ಹಿಂತುದಿಗೆ ಕೂರಿಸ್ತಿದ್ರು, ಸ್ಲೈಡ್ ಆಚೆ ಚಾಚಲಿ ಅಂತ. ಆ ಶೈಲಿಗೆ ಇವತ್ತಿಗೂ ಟೇಲ್‌ಗೇಟ್ ಅಂತಾನೇ ಹೆಸರು.

ಇಲ್ಲಿಂದ ಮುಂದೆ ಕಛೇರಿ ಫುಟೇಜ್ ಇಲ್ಲ. ರೆಕಾರ್ಡ್ ಮಾಡಬೇಡಿ ಅಂತ ಹೇಳಿದ್ರು, ನಾನು ಮಾಡಲಿಲ್ಲ, ಕಮೆಂಟ್‌ನಲ್ಲಿ ಕೇಳಬೇಡಿ. ಅದಕ್ಕೇ ಈಗ ನೀವು ನೋಡ್ತಿರೋದು ಡೆಂಟನ್ ಕೋರ್ಟ್‌ಹೌಸ್ ಚೌಕ, ಹಿಂದಿನ ಸಲ ಬಂದಾಗ ಹಗಲಲ್ಲಿ ತೆಗೆದದ್ದು. ಸಂಬಂಧ ಇಲ್ಲ. ಚೆನ್ನಾಗಿದೆ ನೋಡ್ತಾ ಇರಿ.

ಶುರು ಆಯ್ತು. ಅಯ್ಯೋ ದೇವರೇ, ಆ ಸದ್ದು! ಹತ್ತು ಜನ ಹಿತ್ತಾಳೆ ವಾದ್ಯದೋರು ಒಟ್ಟಿಗೆ ಊದಿದ್ರೆ ಹೇಗಿರತ್ತೆ ಹೇಳಿ. ಮೊದಲ ಎರಡು ಐಟಂ ನಂಗೆ ಇಷ್ಟ ಆಗಲಿಲ್ಲ. ಎಲ್ಲರೂ ಜೋರು, ಎಲ್ಲರೂ ಫಾಸ್ಟ್, ಪರೀಕ್ಷೆಗೆ ಬಂದೋರ ಥರ. ಅಪ್ಪ ತೊಡೆ ಮೇಲೆ ಆದಿತಾಳ ಹಾಕೋಕೆ ನೋಡಿದ್ರು, ಕೈ ತಪ್ತಾನೇ ಇತ್ತು. ಇಲ್ಲಿ ಒತ್ತು ಬೀಳೋದು ಎರಡನೇ ಏಟು, ನಾಲ್ಕನೇ ಏಟಿನ ಮೇಲೆ. ನಮ್ಮ ಕೈ ಹೋಗೋದು ಮೊದಲನೇದಕ್ಕೆ. ಅಪ್ಪ ಎರಡು ಸಲ ನಿಲ್ಲಿಸಿ, ಮತ್ತೆ ಶುರು ಮಾಡಿ, ಕೊನೆಗೆ "ಇವರು ಎಡುಪು ತಪ್ತಿದಾರೆ" ಅಂತ ತೀರ್ಪು ಕೊಟ್ರು. ಎಡುಪು ಅಂದ್ರೆ ತಾಳದಲ್ಲಿ ಹಾಡು ಶುರುವಾಗೋ ಜಾಗ. ಇನ್ನೊಂದು ತಕರಾರು, ಒಬ್ಬೊಬ್ಬರ ಸೋಲೊ ಮುಗಿದ ಕೂಡಲೇ ಹಾಡು ಇನ್ನೂ ನಡೀತಿರುವಾಗಲೇ ಜನ ಚಪ್ಪಾಳೆ ಹೊಡೀತಾರೆ ಅನ್ನೋದು. ಅಪ್ಪ, ನಿಮ್ಮ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣೇಶನ ಕಛೇರೀಲಿ ಪಿಟೀಲಿನವರು ಆಲಾಪನೆ ಮುಗಿಸಿದ ತಕ್ಷಣ ಏನ್ ಮಾಡ್ತೀರಿ? "ಅದು ಬೇರೆ." ಹೇಗೆ ಬೇರೆ ಅಂತ ಹೇಳಲಿಲ್ಲ.

ಮೂರನೇ ಐಟಂಗೆ ಗೆಸ್ಟ್ ಬಂದ್ರು. ಹೆಸರು ಸ್ಕ್ರೀನ್ ಮೇಲೆ ಹಾಕಿದೀನಿ, ನಾನು ಉಚ್ಚಾರ ಮಾಡಿ ಕೆಡಿಸಲ್ಲ. ದೊಡ್ಡ ಆಳು, ಸಡಿಲ ಕೋಟು, ನಡಿಗೆ ನೋಡಿದ್ರೆ ನಮ್ಮೂರ ಸೊಸೈಟಿ ಸೆಕ್ರೆಟರಿ. ಮೈಕ್ ಹತ್ರ ಬಂದು ಜೇಬಿಂದ... ಅಲ್ಲ, ಸ್ಟ್ಯಾಂಡ್ ಕೆಳಗಿಂದ ಒಂದು ಕೆಂಪು ರಬ್ಬರ್ ಟೋಪಿ ತೆಗೆದ್ರು. ಅಪ್ಪ ನನ್ನ ಮೊಣಕೈ ತಿವಿದ್ರು. "ಅದು ಸಿಂಕ್ ಕಟ್ಟಿಕೊಂಡಾಗ ಒತ್ತೋದಲ್ವೇನೇ?" ಹೌದು. ಅದೇ. ಕೋಲು ತೆಗೆದು ಬರೀ ರಬ್ಬರ್ ಬಟ್ಟಲು. ಇದನ್ನ ವಾದ್ಯದ ಬಾಯಿಗೆ ಹಿಡಿದು, ಮುಚ್ಚಿ, ತೆಗೆದು, ಮುಚ್ಚಿ, ತೆಗೆದು ಊದಿದ್ರೆ ವಾದ್ಯ ಮಾತಾಡತ್ತೆ. ಉತ್ಪ್ರೇಕ್ಷೆ ಅಲ್ಲ, ಯಾರೋ ಮುನಿಸಿಕೊಂಡು ಅಡುಗೆಮನೆಯಿಂದ ಗೊಣಗ್ತಿರೋ ಹಾಗಿತ್ತು, ಶಬ್ದ ಕೇಳತ್ತೆ, ಪದ ಬಿಡಿಸಿ ತಿಳಿಯಲ್ಲ. ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಬ್ಯಾಂಡ್‌ನಲ್ಲಿ 1920ರ ದಶಕದಲ್ಲೇ ಟ್ರಿಕಿ ಸ್ಯಾಮ್ ನ್ಯಾಂಟನ್ ಅನ್ನೋರು ಇದರಲ್ಲಿ ಎತ್ತಿದ ಕೈ. ಜನ ನಕ್ಕರು, ನಾನೂ ನಕ್ಕೆ. ಕಾರ್ಟೂನ್ ವಾದ್ಯ ಅನ್ನೋ ನನ್ನ ಅಭಿಪ್ರಾಯ ಇನ್ನೂ ಗಟ್ಟಿ ಆಯ್ತು.

ಆಮೇಲೆ ಬಲ್ಲಾಡ್ ಶುರುವಾಯ್ತು. ನಿಧಾನ. ಬ್ಯಾಂಡ್ ಪೂರ್ತಿ ಸುಮ್ಮನೆ, ಪಿಯಾನೋ ಅಲ್ಲೊಂದು ಇಲ್ಲೊಂದು ಸ್ವರ. ರಬ್ಬರ್ ಬಟ್ಟಲು ಕೆಳಗಿಟ್ರು. ಮೇಲಿನ ಒಂದು ಸ್ವರ ಹಿಡಿದು, ನಿಲ್ಲಿಸಿ, ಅಲ್ಲಿಂದ ಕೆಳಗೆ ಇಳಿದ್ರು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಅಲ್ಲ. ಎಣ್ಣೆ ಹಚ್ಚಿದ ಹಾಗೆ. ಪಕ್ಕದಲ್ಲಿ ಅಪ್ಪ ನೆಟ್ಟಗೆ ಕೂತ್ರು. "ಜಾರು" ಅಂದ್ರು. ಅಷ್ಟೇ, ಒಂದು ಪದ.

ಸಂಗೀತ ಕಲಿಯದವರಿಗೆ ಹೇಳ್ತೀನಿ, ಜಾರು ಅಂದ್ರೆ ಗಮಕದಲ್ಲಿ, ಅಂದ್ರೆ ಸ್ವರವನ್ನ ಅಲುಗಿಸಿ ಎಳೆಯೋದರಲ್ಲಿ, ಒಂದು ಬಗೆ, ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಎಲ್ಲೂ ಕಡಿಯದೆ ಜಾರೋದು. ಪಿಯಾನೋದಲ್ಲಿ ಆಗೋದೇ ಇಲ್ಲ. ಟ್ರೊಂಬೋನ್‌ನಲ್ಲಿ ಆಗತ್ತೆ, ಯಾಕಂದ್ರೆ ಸ್ಲೈಡ್ ಮೇಲೆ ವೀಣೆಯ ಥರ ಮನೆ ಇಲ್ಲ, ಗುರುತಿಲ್ಲ, ಗೀರಿಲ್ಲ. ಏಳು ಜಾಗ ಅಂತ ಲೆಕ್ಕ, ಆದ್ರೆ ಆ ಏಳೂ ಇರೋದು ಕಿವೀಲಿ ಮತ್ತು ತೋಳಲ್ಲಿ, ಪಿಟೀಲಿನ ಹಾಗೆ. ಮಿತಿನೂ ಇದೆ. ಒಂದೇ ಉಸಿರಲ್ಲಿ ಕಡಿಯದೆ ಜಾರೋಕಾಗೋದು ಈ ಏಳು ಜಾಗದಷ್ಟೇ ದೂರ, ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಪ್ರತಿಮಧ್ಯಮದಷ್ಟು. ಅದಕ್ಕಿಂತ ಮುಂದೆ ಹೋಗಬೇಕಂದ್ರೆ ತುಟಿ ಬಿಗಿ ಬದಲಾಯಿಸಬೇಕು. ನಾನು ವೀಣೆ ಜೂನಿಯರ್ ಪರೀಕ್ಷೆ ಪಾಸ್ ಮಾಡಿ ಬಿಟ್ಟವಳು, ಇಷ್ಟು ಹೇಳೋ ಅಧಿಕಾರ ಇದೆ ಅಂದ್ಕೊಂಡಿದೀನಿ.

ಹೀಗೆ ಕಣ್ಣು ಮುಚ್ಚಿ ಕೇಳ್ತಿರುವಾಗ ಮೂಗಿಗೆ ಬಡೀತು. ಇಂಗು.

ಮೊದಲು ಭ್ರಮೆ ಅಂದ್ಕೊಂಡೆ. ಜಾರು ಅಂದ ತಕ್ಷಣ ಮನಸ್ಸು ಮೈಸೂರಿಗೆ ಹೋಗಿರಬೇಕು ಅಂತ. ಅಪ್ಪ ಬಗ್ಗಿ ಕಿವೀಲಿ, "ಪುಟ್ಟಿ, ಗೊಜ್ಜು" ಅಂದ್ರು. ಸೀಟ್ ಕೆಳಗೆ ಕೈ ಹಾಕಿದೆ. ಚೀಲ ಒದ್ದೆ. ಒದ್ದೆ ಅಂದ್ರೆ ನೀರಿನ ಒದ್ದೆ ಅಲ್ಲ, ಬೆರಳಿಗೆ ಬೆರಳು ಜಾರೋ ಒದ್ದೆ. ಇಡೀ ಸಭೆ ಉಸಿರು ಬಿಗಿ ಹಿಡಿದು ಕೂತಿದೆ, ಸ್ಟೇಜ್ ಮೇಲೆ ಒಬ್ಬ ಮನುಷ್ಯ ಪ್ರಾಣಾನೇ ಊದ್ತಿದಾನೆ, ನಾನು ಕತ್ತಲಲ್ಲಿ ಹುಣಸೆಹಣ್ಣು, ಬೆಲ್ಲ, ಇಂಗು, ಕಡ್ಲೆಕಾಯಿ ಎಣ್ಣೇಲಿ ಮೊಣಕೈ ತನಕ. ಪ್ರೋಗ್ರಾಮ್ ಶೀಟ್‌ನಿಂದ ಒರೆಸಿದೆ. ಈಗ ಸ್ಕ್ರೀನ್ ಮೇಲೆ ತೋರಿಸ್ತಿದೀನಲ್ಲ, ಅದೇ. ಪಾರದರ್ಶಕ ಆಗೋಗಿದೆ, ಈ ಕಡೆಯಿಂದ ಆ ಕಡೆ ಪುಟ ಓದಬಹುದು. ಆಮೇಲೆ ಅಪ್ಪನ ಮಂಕಿ ಕ್ಯಾಪ್. ಮೊದಲ ಸಲ ಅದು ಉಪಯೋಗಕ್ಕೆ ಬಂತು. ದೇವರ ದಯೆ, ಎಣ್ಣೆ ಎಲ್ಲಾ ಚೀಲದಲ್ಲೇ ನಿಂತಿತ್ತು, ನೆಲಕ್ಕೆ ಇಳಿದಿರಲಿಲ್ಲ. ಚೀಲದ ಪಕ್ಕದ ಜೇಬಲ್ಲಿದ್ದ ನನ್ನ ಸ್ಪೇರ್ ಬ್ಯಾಟರಿ ಮಾತ್ರ ಪುಳಿಯೋಗರೆ ಆಗಿತ್ತು.

ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ರು, ಮುತ್ತಿನ ಸರ, ತುಂಬಾ ಅಚ್ಚುಕಟ್ಟು. ಬಲ್ಲಾಡ್ ಮುಗಿದು ಚಪ್ಪಾಳೆ ಬಿದ್ದಾಗ ಅವರು ಎದ್ದು ಮೂರು ಸೀಟ್ ಆಚೆ ಹೋಗಿ ಕೂತ್ರು. ಇಂಗಿಗೆ ಹೋದ್ರೋ, ಅಥವಾ ಅಲ್ಲಿಂದ ಟ್ರೊಂಬೋನ್ ಚೆನ್ನಾಗಿ ಕಾಣತ್ತೆ ಅಂತ ಹೋದ್ರೋ, ನಂಗೆ ರಾತ್ರಿ ಇಡೀ ಇದೇ ಯೋಚನೆ. ಅಪ್ಪ ಹೇಳೋದು "ಕಾಣೋಕೆ ಅಂತಲೇ ಹೋಗಿದ್ದು". ಅಪ್ಪ ಒಳ್ಳೆಯವರು.

ಈಗ ಡಬ್ಬಿ ವಿಷಯಕ್ಕೆ ಬರೋಣ. ಇದು ಇಂಟರ್ವಲ್‌ನಲ್ಲಿ, ವಾಶ್‌ರೂಮ್ ಸಿಂಕ್ ಮುಂದೆ. ನೋಡಿ ಈ ಡಬ್ಬಿ. ನಾಲ್ಕು ಕಡೆ ಕ್ಲಿಪ್. ಮುಚ್ಚಳದ ಮೇಲೆ ಏನು ಬರೆದಿತ್ತು ಗೊತ್ತಾ, ನೂರಕ್ಕೆ ನೂರು ಸೋರಲ್ಲ ಅಂತ. ಬ್ರ್ಯಾಂಡ್ ಹೆಸರು ಬ್ಲರ್ ಮಾಡಿದೀನಿ, ನಂಗೆ ಕೋರ್ಟು ಕಚೇರಿ ಬೇಡ. 14 ಡಾಲರ್ 99 ಸೆಂಟ್! ಹತ್ತಿರ ಹತ್ತಿರ ಸಾವಿರದ ಮುನ್ನೂರು ರೂಪಾಯಿ. ಆ ದುಡ್ಡಿಗೆ ದೇವರಾಜ ಮಾರ್ಕೆಟ್ ಹತ್ರ ಪಾತ್ರೆ ಅಂಗಡೀಲಿ ಸ್ಟೀಲ್ ಡಬ್ಬಿ ಕೊಂಡು, ಅದರ ಮೇಲೆ ಹೆಸರು ಕೊರೆಸಿ, ಉಳಿದ ಚಿಲ್ಲರೇಲಿ ಮೈಸೂರುಪಾಕೂ ತರಬಹುದು. ಪ್ಲಾಸ್ಟಿಕ್‌ಗೆ ಇಷ್ಟು ದುಡ್ಡು ಕೊಟ್ಟ ನಾನು ಮೂರ್ಖಳು, ಒಪ್ಕೋತೀನಿ. ಆದ್ರೆ ಸೋರಲ್ಲ ಅಂತ ಬರೆದು ಮಾರೋರು ಏನು? ನಾಲ್ಕು ಕ್ಲಿಪ್ ಯಾಕೆ, ಅಲಂಕಾರಕ್ಕಾ? ರಿವ್ಯೂ ಹಾಕ್ತೀನಿ ಅಂತ ಅಲ್ಲೇ ನಿಂತು ಫೋನ್ ತೆಗೆದೆ, ಕೈಯಲ್ಲಿ ಎಣ್ಣೆ, ಫೋನ್ ಅನ್‌ಲಾಕ್ ಆಗಲಿಲ್ಲ. ಬೆಲ್ ಹೊಡೀತು.

ಕಸಿನ್ ಮಗ ಈಗ ಬಂದ. "ಅತ್ತೆ, ಸಾರಿ ಅತ್ತೆ." ಡಬ್ಬಿ ನೋಡಿ, "ಪರವಾಗಿಲ್ಲ, ಗಟ್ಟಿ ಗೊಜ್ಜು ಉಳಿದಿದೆಯಲ್ಲ, ಎಣ್ಣೆ ತಾನೇ ಹೋಗಿದ್ದು" ಅಂತ ನನಗೇ ಸಮಾಧಾನ ಹೇಳ್ದ. ತಾತನ ಕಾಲಿಗೆ ಬಿದ್ದ, ಆ ಜನಜಂಗುಳಿ ಮಧ್ಯೆ. ಅದು ಚೆನ್ನಾಗಿ ಬಂದಿದೆ ಶಾಟ್.

ಎರಡನೇ ಭಾಗದಲ್ಲಿ ನಾನು ಮಾತು ಬದಲಾಯಿಸ್ತೀನಿ. ಮೊದಲು ಪರೀಕ್ಷೆ ಥರ ಅಂದ್ನಲ್ಲ, ಅದು ತಪ್ಪು. ಅಥವಾ ಇವರು ಬಿಸಿಯಾಗೋಕೆ ಹೊತ್ತು ಬೇಕಿತ್ತು. ಗೆಸ್ಟ್ ಮಧ್ಯದ ಸಾಲಿನ ಆ ಐದು ಟ್ರೊಂಬೋನ್‌ನವರನ್ನ ಮುಂದೆ ಕರೆದು, ಒಬ್ಬೊಬ್ಬರ ಜೊತೆ ನಾಲ್ಕು ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು, ಸವಾಲ್ ಜವಾಬ್ ಮಾಡಿದ್ರು. ಸ್ಪ್ರೇ ಬಾಟಲ್ ಹುಡುಗಿ ಸರದಿ ಬಂತು. ಅವರು ಒಂದು ಸಾಲು ಬಿಟ್ರು, ಇವಳು ಅದನ್ನೇ ತಿರುಗಿಸಿ ಇನ್ನೂ ಎತ್ತರಕ್ಕೆ ಒಯ್ದಳು. ಅವರು ಸ್ಲೈಡ್ ಕೆಳಗಿಳಿಸಿ, ನುಡಿಸದೆ, ತಲೆದೂಗಿದ್ರು. ಅಪ್ಪ ಜೋರಾಗಿ "ಭಲೇ" ಅಂದುಬಿಟ್ರು. ಹಾಡು ಇನ್ನೂ ನಡೀತಿರುವಾಗಲೇ, ಹೌದು.

ಡ್ರಮ್ ಸೋಲೊ ಬಗ್ಗೆ ಅಪ್ಪ ಮತ್ತು ನಾನು ಇನ್ನೂ ಮಾತಾಡ್ತಿಲ್ಲ. ನಂಗೆ ಬೋರ್. ಅವರಿಗೆ ತನಿ ಆವರ್ತನ, ನಮ್ಮ ಕಛೇರೀಲಿ ಮೃದಂಗದವರು ಒಬ್ಬರೇ ನುಡಿಸೋ ಭಾಗ ಇರತ್ತಲ್ಲ, ಅದು.

ವಾಪಸ್ ಬರ್ತಾ ಕಾರಲ್ಲಿ ಕಸಿನ್ ಮಗ ಒಂದು ವಿಷಯ ಹೇಳ್ದ. ರುದ್ರೇಶ್ ಮಹಾಂತಪ್ಪ ಅಂತ ಜಾಝ್ ಸ್ಯಾಕ್ಸೊಫೋನ್ ವಾದಕರು ಇದಾರೆ, ಇದೇ ನಾರ್ತ್ ಟೆಕ್ಸಸ್‌ನಲ್ಲಿ ಸ್ವಲ್ಪ ಕಾಲ ಓದಿದವರು. ಹೆಸರು ಕೇಳಿ ಅಪ್ಪನ ಕಿವಿ ನಿಮಿರಿತು. ಅವರು 2008ರಲ್ಲಿ ಕದ್ರಿ ಗೋಪಾಲನಾಥ್ ಅವರ ಜೊತೆ ಸೇರಿ ಆಲ್ಬಮ್ ಮಾಡಿದಾರೆ. ಅಪ್ಪ ತಕ್ಷಣ ಸೀಟಲ್ಲಿ ತಿರುಗಿ ಕೂತ್ರು. "ಕದ್ರಿಯವರು ಸ್ಯಾಕ್ಸೊಫೋನ್ ನೋಡಿ ಮರುಳಾದದ್ದೇ ನಮ್ಮ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಕಣೋ! ಆ ವಾದ್ಯದಲ್ಲಿ ಗಮಕ ಬರಲ್ಲ ಅಂತ ಅದನ್ನೇ ರಿಪೇರಿ ಮಾಡಿಸಿ ಬರಿಸಿದ್ರು." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಎಳೆಯೋ ಪೀಪಿಯಾಗಿದ್ರೆ ರಿಪೇರಿನೇ ಬೇಕಿರಲಿಲ್ಲ" ಅಂದ್ರು. ಅದಾದ್ಮೇಲೆ ಜಯಚಾಮರಾಜ ಒಡೆಯರ್ ಪಿಯಾನೋ ನುಡಿಸ್ತಿದ್ದ ಕಥೆ, ಅದು ಹುಡುಗನ ರೂಮ್ ಬಂದು ಅವನು ಇಳಿದ್ರೂ ಮುಗೀಲಿಲ್ಲ. ಕಿಟಕಿ ನಾಲ್ಕೂ ಇಳಿಸಿಕೊಂಡು ಮನೆಗೆ ಬಂದ್ವಿ. ಇಂಗು ಹೋಗಬೇಕಲ್ಲ. ಅಪ್ಪ ಎರಡೂ ಸ್ವೆಟರ್ ಹಾಕ್ಕೊಂಡ್ರು, ತಲೆಗೆ ಮಾತ್ರ ಏನೂ ಇಲ್ಲ.

ಇದು ನಮ್ಮ ಅಡುಗೆಮನೆ. ರಾತ್ರಿ ಹನ್ನೊಂದೂವರೆ. ರಿವ್ಯೂ ಬರೆಯೋಕೆ ಕೂತಿದೀನಿ, ಒಂದು ಸ್ಟಾರ್, ಅರ್ಧ ಪುಟ ಟೈಪ್ ಆಗಿದೆ. ಅಪ್ಪ ನೀರು ಕುಡಿಯೋಕೆ ಬಂದ್ರು. ಪಾತ್ರೆ ಬುಟ್ಟಿಯಿಂದ ಲೋಟ ತೆಗೆದ್ರು, ಅದರ ಜೊತೆ ಏನೋ ಕೈಗೆ ಬಂತು. ಈಗ ಹತ್ತಿರ ಹೋಗ್ತೀನಿ, ಫೋಕಸ್ ಆಗಲಿ, ಇರಿ.

ಆ ಡಬ್ಬಿ ಮುಚ್ಚಳದ ರಬ್ಬರ್ ವಾಷರ್. ಬೆಳಿಗ್ಗೆ ನಾನೇ ಬಿಚ್ಚಿ, ತೊಳೆದು, ಒಣಗೋಕೆ ಇಟ್ಟಿದ್ದು.

ಅಪ್ಪ ಅದನ್ನ ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು ನನ್ನ ಮುಖ ನೋಡ್ತಿದಾರೆ. ಏನೂ ಹೇಳ್ತಿಲ್ಲ. ಅಪ್ಪ, ಕ್ಯಾಮೆರಾ ಆನ್ ಇದೆ, ಹೋಗಿ ಮಲಕ್ಕೊಳ್ಳಿ.